ಕಣ್ಣಿಲ್ಲದವರು ಹಿಮ ತೆಗೆಯುವ ಬಗೆ

ನಮ್ಮ ವಾಚಕರ ಪೈಕಿ ಅನೇಕರ ಮಕ್ಕಳು ಈಗ ಟೊರಾಂಟೊ, ಮಿನಿಯಾಪೋಲಿಸ್, ಬಾಸ್ಟನ್ ಮುಂತಾದ ಶೀತನಗರಗಳಲ್ಲಿ ನೆಲೆಸಿರುವರು. ಅವರು ಕಳುಹಿಸುವ ಚಿತ್ರಗಳಲ್ಲಿ ಹಿಮವು ಬೂರುಗದ ಅರಳೆಯನ್ನು ಚೆಲ್ಲಿದಂತೆ ಅಂದವಾಗಿಯೇ ಕಾಣುತ್ತದೆ. ಆ ಅಂದವನ್ನು ಬೆಳಗಿನ ಹೊತ್ತಿಗೆ ಸಲಿಕೆಯಿಂದ ಎತ್ತಿ ಹಾಕದಿದ್ದರೆ ಮನೆಯಿಂದ ಹೊರಬೀಳುವಂತಿಲ್ಲ ಎಂಬುದು ಚಿತ್ರದಲ್ಲಿ ಕಾಣಿಸದ ಸಂಗತಿ. ರಸ್ತೆಯಿಂದ ಕಾರುಕೊಟ್ಟಿಗೆಯ ತನಕ ಇರುವ ಕಾಂಕ್ರೀಟಿನ ಹಾದಿಗೆ ಅಲ್ಲಿಯವರು ಡ್ರೈವ್‌ವೇ ಎನ್ನುತ್ತಾರೆ. ನಾವು ಅಂಗಳದ ಹಾದಿ ಎನ್ನೋಣ. ಅದನ್ನು ತೆರವು ಮಾಡುವ ಹೊಣೆ ಆಯಾ ಮನೆಯವರದು. ಹಾಗಾದರೆ ಆ ಮನೆಯ ಯಜಮಾನನಿಗೆ ಕಣ್ಣಿಲ್ಲದಿದ್ದರೆ? ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ: ಆತನೇ ತೆಗೆಯುತ್ತಾನೆ. ಹೇಗೆ ತೆಗೆಯುತ್ತಾನೆಂಬುದೇ ತಿಳಿಯತಕ್ಕ ವಿಷಯ.

ಹಿಮವು ಅಂಧನಿಂದ ಏನನ್ನು ಕಸಿದುಕೊಳ್ಳುತ್ತದೆ ಎಂಬುದನ್ನು ಮೊದಲು ಅರಿಯಬೇಕು. ಕಣ್ಣಿಲ್ಲದವರು ಎದುರಿನ ಗೋಡೆಯನ್ನು ಮುಟ್ಟುವ ಮುನ್ನವೇ ಅರಿತು ನಿಲ್ಲುವುದನ್ನು ಹಲವರು ಕಂಡಿರಬಹುದು. ಮುಖದ ಚರ್ಮಕ್ಕೆ ಅಂತಹ ಸೂಕ್ಷ್ಮಶಕ್ತಿ ಉಂಟೆಂದು ಬಹುಕಾಲ ನಂಬಲಾಗಿತ್ತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಸುಪಾ, ಕಾಟ್ಜಿನ್ ಮತ್ತು ಡಾಲೆನ್‌ಬಾಖ್ ಎಂಬ ಮೂವರು 1944ರಲ್ಲಿ ಪ್ರಕಟಿಸಿದ ಪ್ರಯೋಗಗಳು ಅದು ಕಿವಿಯ ಕೆಲಸವೆಂದು ಸಿದ್ಧಪಡಿಸಿದವು. ಹೆಜ್ಜೆಯ ಸದ್ದು ಗೋಡೆಗೆ ತಗಲಿ ಮರಳುತ್ತದೆ. ಆ ಪ್ರತಿಧ್ವನಿಯೇ ಗುರುತು. ಹೊಸದಾಗಿ ಬಿದ್ದ ಹಿಮದಲ್ಲಿ ಗಾಳಿ ತುಂಬಿದ ರಂಧ್ರಗಳೇ ಹೆಚ್ಚಾದುದರಿಂದ ಅದು ಸದ್ದನ್ನು ಹೀರಿಬಿಡುತ್ತದೆ. ಹೆಜ್ಜೆಗೆ ಸಪ್ಪಳವಿಲ್ಲ, ಗೋಡೆಗೆ ಮರುಮಾತಿಲ್ಲ. ಹುಲ್ಲಿಗೂ ಕಾಂಕ್ರೀಟಿಗೂ ಇದ್ದ ವ್ಯತ್ಯಾಸ ಪಾದಕ್ಕೆ ತಿಳಿಯದು. ಬಿಳಿಕೋಲು ಊರಿದಲ್ಲಿ ಹೂತುಕೊಳ್ಳುತ್ತದೆ. ಕಣ್ಣುಳ್ಳವರಿಗೆ ದಟ್ಟ ಮಂಜು ಹೇಗೋ ಹಾಗೆ.

ಮಳೆಯ ಗುಣ ಇದಕ್ಕೆ ತೀರ ವಿರುದ್ಧವಾದುದು. 1980ರ ಸುಮಾರಿಗೆ ದೃಷ್ಟಿಯನ್ನು ಕಳೆದುಕೊಂಡ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಪ್ರಾಧ್ಯಾಪಕ ಜಾನ್ ಹಲ್ ಎಂಬವರು 1990ರಲ್ಲಿ ಹೊರತಂದ ‘ಟಚಿಂಗ್ ದಿ ರಾಕ್’ ಎಂಬ ಗ್ರಂಥದಲ್ಲಿ, ಮಳೆ ಸುರಿಯುವಾಗ ತಮ್ಮ ಸುತ್ತಲಿನ ವಸ್ತುಗಳಿಗೆಲ್ಲ ಆಕಾರ ಬರುವುದನ್ನು ವರ್ಣಿಸಿದ್ದಾರೆ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಕಾಣುವ ಕಾಸರಗೋಡಿನ ನಮಗೆ ಇದು ಕೂಡಲೇ ಮನದಟ್ಟಾಗುತ್ತದೆ. ಹಂಚಿನ ಮೇಲೆ ಒಂದು ಸದ್ದು, ಅಡಿಕೆಯ ಸೋಗೆಯ ಮೇಲೆ ಇನ್ನೊಂದು, ಬಾವಿಕಟ್ಟೆಯ ತಗಡಿನ ಮೇಲೆ ಮತ್ತೊಂದು. ಕಣ್ಣು ಮುಚ್ಚಿ ಜಗಲಿಯಲ್ಲಿ ಕುಳಿತವನಿಗೂ ಅಂಗಳದ ನಕ್ಷೆ ಸಿಕ್ಕೀತು. ಹಿಮವು ಆ ನಕ್ಷೆಯನ್ನು ಒರೆಸಿಬಿಡುತ್ತದೆ. ಆದುದರಿಂದ ಅಂಧನ ಪಾಲಿಗೆ ಹಿಮ ತೆಗೆಯುವುದೆಂದರೆ ಕಾರಿಗೆ ಹಾದಿ ಮಾಡುವುದಷ್ಟೇ ಅಲ್ಲ. ತನ್ನ ನೆಲದ ಅಂಚುಗಳನ್ನು ಮರಳಿ ಪಡೆಯುವುದು.

ಶ್ರಮದ ಲೆಕ್ಕವನ್ನೂ ಇಲ್ಲಿಯೇ ನೋಡಿಬಿಡೋಣ, ಗಣಿತದ ಮೇಷ್ಟರ ಚಾಳಿಯೆಂದು ವಾಚಕರು ಮನ್ನಿಸುವುದು. 12 ಮೀಟರ್ ಉದ್ದ, 3 ಮೀಟರ್ ಅಗಲದ ಹಾದಿಯಲ್ಲಿ 15 ಸೆಂಟಿಮೀಟರ್ ಹಿಮ ಬಿದ್ದರೆ 5.4 ಘನಮೀಟರ್ ಆಯಿತು. ಒಣಹಿಮವು ಘನಮೀಟರಿಗೆ 100 ಕಿಲೋ ತೂಗಿದರೆ ಒಟ್ಟು 540 ಕಿಲೋ. ನೀರು ಹಿಡಿದ ಹಿಮವು 300 ಕಿಲೋ ತೂಗಿದರೆ 1620 ಕಿಲೋ, ಅಂದರೆ 50 ಕಿಲೋ ಅಕ್ಕಿಮೂಟೆಗಳು ಮೂವತ್ತೆರಡಕ್ಕೂ ಹೆಚ್ಚು! ಚಳಿಗೆ ರಕ್ತನಾಳಗಳು ಬಿಗಿಯುವುದೂ ತೋಳಿನ ದುಡಿಮೆಯಿಂದ ರಕ್ತದ ಒತ್ತಡ ಏರುವುದೂ ಒಟ್ಟಿಗೆ ಸಂಭವಿಸುವುದರಿಂದ ಹೃದ್ರೋಗವುಳ್ಳವರು ಈ ಕೆಲಸಕ್ಕೆ ಇಳಿಯಲೇಬಾರದು. ಸಕ್ಕರೆರೋಗದಿಂದ ಅಕ್ಷಿಪಟಲ ಕೆಟ್ಟು ದೃಷ್ಟಿ ಮಂದವಾದವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಉಸಿರು ಬಿಗಿಹಿಡಿದು ಭಾರ ಎತ್ತುವುದರಿಂದ ಕಣ್ಣಿನೊಳಗೆ ರಕ್ತ ಒಸರುವ ಅಪಾಯವುಂಟು. ಈ ಎರಡು ನಿಷೇಧಗಳಿಗೂ ಕುರುಡುತನಕ್ಕೂ ನೇರ ಸಂಬಂಧವಿಲ್ಲ ಎಂಬುದು ಗಮನಾರ್ಹ.

ಇನ್ನು ಕೆಲಸದ ಕ್ರಮ. ಅದು ಹಿಮ ಬೀಳುವ ಮೊದಲೇ ಆರಂಭವಾಗತಕ್ಕದ್ದು. ಶರತ್ಕಾಲದಲ್ಲಿ, ನೆಲ ಹೆಪ್ಪುಗಟ್ಟಿ ಕಲ್ಲಾಗುವ ಮುನ್ನ, ಹಾದಿಯ ಎರಡೂ ಅಂಚಿಗೆ ಗೂಟಗಳನ್ನು ನೆಟ್ಟುಕೊಳ್ಳುತ್ತಾರೆ. ಸಲಿಕೆ ಗೂಟಕ್ಕೆ ತಗಲಿದರೆ ಅಂಚು ಬಂತೆಂದು ಅರ್ಥ. ಹಿಮ ಬಿದ್ದ ಬೆಳಿಗ್ಗೆ ಕೊಟ್ಟಿಗೆಯ ಬಾಗಿಲಿಗೆ ಬೆನ್ನು ಆನಿಸಿ ನಿಂತರೆ ಮುಖ ನೇರ ರಸ್ತೆಯತ್ತ ತಿರುಗಿರುತ್ತದೆ. ದಿಕ್ಕು ಹಿಡಿಯಲು ಇದಕ್ಕಿಂತ ಸರಳೋಪಾಯವಿಲ್ಲ. ಅಲ್ಲಿಂದ ಸಲಿಕೆಯನ್ನು ನೆಲಕ್ಕೊತ್ತಿ ನೇರವಾಗಿ ನೂಕುತ್ತ ಒಂದು ಸಾಲನ್ನು ತೆರೆಯಬೇಕು. ಎರಡನೆಯ ಸಾಲಿಗೆ ಸಲಿಕೆಯ ಅಗಲದಲ್ಲಿ ಕಾಲುಭಾಗದಷ್ಟು ಮೊದಲ ಸಾಲಿನ ಮೇಲೆಯೇ ಇರಬೇಕು. ಹಾಗಿದ್ದರೆ ನಡುವೆ ಹಿಮದ ದಿಂಡು ಉಳಿಯದು. ಗದ್ದೆ ಉಳುವವನು ಹಿಂದಿನ ಸಾಲನ್ನು ಹಿಡಿದೇ ಮುಂದಿನದನ್ನು ತೆಗೆಯುವಂತೆ ಇದೂ.

ಸಲಿಕೆಯ ಬಾಯಿಗೆ ಲೋಹದ ಪಟ್ಟಿ ಇರುವುದು ಒಳ್ಳೆಯದು. ಅದು ಕಾಂಕ್ರೀಟಿಗೆ ಉಜ್ಜಿದಾಗ ಕರ್ರೆಂದು ಕೂಗುತ್ತದೆ. ಹುಲ್ಲಿಗೆ ಹೋದರೆ ಸದ್ದು ಅಡಗಿ ತುದಿ ಸಿಕ್ಕಿಕೊಳ್ಳುತ್ತದೆ. ಬಿಳಿಕೋಲು ತಿಳಿಸುತ್ತಿದ್ದುದನ್ನು ಈಗ ಸಲಿಕೆಯೇ ತಿಳಿಸುತ್ತದೆ. ತೆಗೆದ ಹಿಮವನ್ನು ಯಾವಾಗಲೂ ಒಂದೇ ಬದಿಗೆ, ಗಾಳಿ ಬೀಸುವ ದಿಕ್ಕಿಗೆ ಹಾಕಬೇಕು. ಆ ದಿಣ್ಣೆ ಬೆಳೆದಂತೆ ತಾನೇ ಪಾಗಾರದಂತೆ ನಿಂತು ದಾರಿ ತೋರುತ್ತದೆ. ಬಾಗಿಲ ಬಳಿ ರೇಡಿಯೋ ಹಾಡುತ್ತಿದ್ದರೆ ಮನೆ ಯಾವ ಕಡೆಯೆಂದು ಮರೆಯುವ ಪ್ರಸಂಗವೇ ಬಾರದು. ಟೊಪ್ಪಿಗೆಯ ವಿಷಯದಲ್ಲಿ ಮಾತ್ರ ಒಂದು ಸಂಕಟವುಂಟು. ಕಿವಿ ಮುಚ್ಚದಿದ್ದರೆ ಚಳಿಗೆ ಕಿವಿಯೇ ಮರಗಟ್ಟುತ್ತದೆ, ದಪ್ಪವಾಗಿ ಮುಚ್ಚಿದರೆ ಲೋಕವೇ ಕೇಳಿಸದು. ತೆಳ್ಳನೆಯ ಉಣ್ಣೆಪಟ್ಟಿಯನ್ನು ಕಟ್ಟಿಕೊಂಡು, ಆಗಾಗ ಒಳಗೆ ಬಂದು ಬೆಚ್ಚಗಾಗುವುದೇ ದಾರಿ. ಎಲ್ಲ ಮುಗಿದ ಮೇಲೆ ಕೋಲು ಹಿಡಿದು ಹಾದಿಯ ಉದ್ದಗಲಕ್ಕೆ ಒಮ್ಮೆ ನಡೆದರೆ ಉಳಿದುಹೋದ ತುಂಡು ತಾನಾಗಿ ಸಿಗುತ್ತದೆ.

ಹಿಮ ಎಸೆಯುವ ಯಂತ್ರವನ್ನು ನಡೆಸುವ ಅಂಧರೂ ಇದ್ದಾರೆ. ನಮಗೆ ಅದು ಅಷ್ಟಾಗಿ ರುಚಿಸುವುದಿಲ್ಲ. ಅದರ ಗದ್ದಲದಲ್ಲಿ ಕಿವಿಯ ಉಪಯೋಗ ನಷ್ಟವಾಗುತ್ತದೆ. ಬಾಯಿಗೆ ಹಿಮ ಕಟ್ಟಿಕೊಂಡಾಗ ಕೈಹಾಕಿದರೆ, ಎಂಜಿನ್ನು ನಿಂತಿದ್ದರೂ ಸುರುಳಿ ಒಮ್ಮೆ ತಿರುಗಿ ಬೆರಳನ್ನು ಕೊಂಡೊಯ್ದೀತು. ಈ ಅಪಾಯ ಕಣ್ಣುಳ್ಳವರಿಗೂ ಅಷ್ಟೇ.

ಅಂಧರೆಂದರೆ ಎಲ್ಲರೂ ಕತ್ತಲೆಯಲ್ಲಿರುವವರೆಂದು ತಿಳಿಯಬಾರದು. ಅಮೆರಿಕದ ಕಾನೂನಿನಂತೆ ಒಳ್ಳೆಯ ಕಣ್ಣಿನ ದೃಷ್ಟಿ, ಕನ್ನಡಕ ಹಾಕಿದ ಮೇಲೂ, 20/200ಕ್ಕಿಂತ ಹೆಚ್ಚಿಲ್ಲದವನು ಅಂಧನೇ. ಇಂತಹವರಿಗೆ ಬಿಸಿಲೇರಿದ ಹಿಮ ಬೇರೊಂದು ಬಗೆಯ ಕಷ್ಟ ಕೊಡುತ್ತದೆ. ಹೊಸ ಹಿಮವು ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಮೇಲ್ಪಟ್ಟು ಹಿಂದಕ್ಕೆ ಎಸೆಯುವುದರಿಂದ ಇದ್ದ ದೃಷ್ಟಿಯೂ ಕೊಚ್ಚಿಹೋಗುತ್ತದೆ. ಅಂಚುಳ್ಳ ಟೊಪ್ಪಿಗೆ, ಹಳದಿ ಛಾಯೆಯ ಕನ್ನಡಕ, ಕಡುಬಣ್ಣದ ಗೂಟ, ಇವು ಸಹಾಯಕ. 1940ರಲ್ಲಿ ಸ್ಥಾಪಿತವಾದ ಅಮೆರಿಕದ ಅಂಧರ ರಾಷ್ಟ್ರೀಯ ಒಕ್ಕೂಟದ ತತ್ತ್ವವನ್ನು ಅನುಸರಿಸುವ ತರಬೇತಿ ಕೇಂದ್ರಗಳಲ್ಲಿ ಅರೆದೃಷ್ಟಿಯವರಿಗೂ ಕಣ್ಣುಪಟ್ಟಿ ಕಟ್ಟಿಯೇ ಅಡುಗೆ, ಮರಗೆಲಸ, ನಡಿಗೆಗಳನ್ನು ಕಲಿಸುವರು. ನೆಚ್ಚಲಾಗದ ಕಣ್ಣನ್ನು ನೆಚ್ಚಿ ಕಾಲು ಜಾರುವುದಕ್ಕಿಂತ ಕೈ, ಕಿವಿ, ಪಾದಗಳನ್ನು ಪಳಗಿಸುವುದು ಲೇಸೆಂಬುದು ಅವರ ಮತ. ಶಿಕ್ಷಕ ತರಬೇತಿಯಲ್ಲಿ ಮಾಡಿ ಕಲಿಯುವ ವಿಧಾನವೆಂದು ಓದಿದ ನಮಗೆ ಇದು ಅಪರಿಚಿತವೇನೂ ಅಲ್ಲ, ಆದರೆ ಇಷ್ಟು ಗಟ್ಟಿಯಾಗಿ ಅದನ್ನು ಪ್ರಯೋಗಿಸಿದವರು ವಿರಳ.

ಕಡೆಯ ಮೂರು ಮಾರಿನಲ್ಲಿ ನಿಜವಾದ ಅಪಾಯವುಂಟು. ನಗರಸಭೆಯ ಗಾಡಿ ರಸ್ತೆಯ ಹಿಮವನ್ನು ನೂಕುತ್ತ ಹೋಗುವಾಗ ಪ್ರತಿ ಮನೆಯ ಹಾದಿಯ ಬಾಯಿಗೆ ಗಟ್ಟಿಯಾದ ದಿಣ್ಣೆಯೊಂದನ್ನು ಬಿಟ್ಟುಹೋಗುತ್ತದೆ. ಹಿಮ ಹಾಸಿದ ರಸ್ತೆಯಲ್ಲಿ ಕಾರುಗಳ ಸದ್ದು ಅಡಗಿರುತ್ತದೆ. ಬಿಳಿಯ ಹಿನ್ನೆಲೆಯಲ್ಲಿ ಬಿಳಿಕೋಲು ಚಾಲಕನಿಗೆ ತೋರುವುದೂ ಕಷ್ಟ. ರಸ್ತೆಗೆ ಇಳಿಯದೆ, ಒಳಗಿನಿಂದಲೇ ದಿಣ್ಣೆಯನ್ನು ಕಡಿದು ಬದಿಗೆ ಹಾಕಬೇಕು. ಮೈಮೇಲೆ ಕೆಂಪು ಅಥವಾ ಕಿತ್ತಳೆ ಬಣ್ಣದ ಅಂಗಿ ಇರಬೇಕು. ನೆರೆಯವನೊಬ್ಬನ ಸಹಾಯ ಕೇಳುವುದಿದ್ದರೆ ಇಲ್ಲಿ ಕೇಳಬಹುದು, ಅದರಲ್ಲಿ ನಾಚಿಕೆಪಡುವಂತಹದೇನೂ ಇಲ್ಲ.

ಸಹಾಯವೆಂದೊಡನೆ ನಮ್ಮವರ ಸ್ವಭಾವ ನೆನಪಾಗುತ್ತದೆ. ಮನೆಯಲ್ಲಿ ಕಣ್ಣಿಲ್ಲದ ಮಾವನೋ ಸೋದರಳಿಯನೋ ಇದ್ದರೆ, ‘ನೀನು ಕೂತಿರು ಮಾರಾಯ, ನಾವು ಮಾಡುತ್ತೇವೆ’ ಎಂದು ಕೈಯ ಸಲಿಕೆಯನ್ನು ತೆಗೆದಿಡುವುದೇ ಪ್ರೀತಿಯೆಂದು ಭಾವಿಸಿರುವೆವು. ಆತನು ಕೂರುತ್ತಾನೆ. ಮರುವರ್ಷವೂ ಕೂರುತ್ತಾನೆ. ಮೂರನೆಯ ವರ್ಷ ಅಂಗಳದ ಅಂಚು ಎಲ್ಲಿತ್ತೆಂಬುದೇ ಆತನಿಗೆ ಮರೆತಿರುತ್ತದೆ. ಶೀತದೇಶದಲ್ಲಿ ಹಿಮಗಾಲ ನಾಲ್ಕೈದು ತಿಂಗಳು. ಅಷ್ಟು ಕಾಲ ಮನೆಯೊಳಗೆ ಬಂದಿಯಾಗುವುದನ್ನು ತಪ್ಪಿಸಲೆಂದೇ ಅಲ್ಲಿನ ಅಂಧರು ಸಲಿಕೆ ಹಿಡಿಯುವುದು.

ಆತನು ತನ್ನ ಹಾದಿಯನ್ನು ಚೊಕ್ಕಮಾಡಿ ಬಸ್ಸಿಗೆ ಹೊರಟನೆನ್ನಿ. ಮುಂದಿನ ಕಾಲುದಾರಿ ನೆರೆಹೊರೆಯವರ ಪಾಲಿನದು. ಬಾಸ್ಟನ್ನಿನಲ್ಲಿ ಹಿಮ ನಿಂತ 3 ಗಂಟೆಗಳೊಳಗೆ, ಮಿನಿಯಾಪೋಲಿಸಿನ ವಾಸದ ಮನೆಗಳವರಾದರೆ 24 ಗಂಟೆಗಳೊಳಗೆ, ಮನೆಯೆದುರಿನ ಕಾಲುದಾರಿಯನ್ನು ತೆರವು ಮಾಡತಕ್ಕದ್ದೆಂದು ನಿಯಮ. ಮೂಲೆಮನೆಯವರಿಗೆ ರಸ್ತೆ ದಾಟುವಲ್ಲಿನ ಇಳಿಜಾರಿನ ಹೊಣೆಯೂ ಸೇರುತ್ತದೆ. ಬಹುಮಂದಿ ಒಬ್ಬ ಮನುಷ್ಯ ತೂರುವಷ್ಟು ಅಗಲಕ್ಕೆ ಗೀರಿ, ತೆಗೆದ ಹಿಮವನ್ನೆಲ್ಲ ಆ ಮೂಲೆಗೇ ಪೇರಿಸಿಬಿಡುತ್ತಾರೆ. ಕಣ್ಣುಳ್ಳವನು ಅದನ್ನು ಸುತ್ತಿ ಹೋಗುವನು. ಕೋಲಿನವನು ಆ ಗುಡ್ಡೆಯನ್ನು ಬಳಸಿ ರಸ್ತೆಗೆ ಇಳಿದರೆ ದಿಕ್ಕು ತಪ್ಪಿ ವಾಹನಗಳ ನಡುವೆ ನಿಲ್ಲುವನು. ಅಂಗಳದಲ್ಲಿ ಎರಡು ಗಂಟೆ ದುಡಿದು ಪಡೆದ ಹಾದಿ ಅಲ್ಲಿಗೆ ವ್ಯರ್ಥ.

ಮಕ್ಕಳು ಆ ಕಡೆ ಇರುವ ವಾಚಕರು ಮುಂದಿನ ಸಲ ಮಾತನಾಡುವಾಗ ಕುಶಲಪ್ರಶ್ನೆಯ ಜೊತೆಗೆ ಇಷ್ಟನ್ನು ಕೇಳಿನೋಡುವುದು: ನಿಮ್ಮದು ಮೂಲೆಮನೆಯೇ? ಹಿಮವನ್ನು ಎಲ್ಲಿ ಹಾಕುತ್ತೀರಿ?