ತೆಂಗಿನ ನಾಡಿನ ಯುವಕರಿಗೆ ಕಾಯಕದ ದಾರಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಬದುಕು ಉಂಡೆ ಕೊಬ್ಬರಿಯ ಧಾರಣೆಯನ್ನು ನೆಚ್ಚಿಕೊಂಡಿದೆ. ಬೆಲೆ ಕುಸಿದಾಗ ಬೆಳೆಗಾರರ ಸಂಕಷ್ಟ ಸಹಜವಾಗಿಯೇ ಚರ್ಚೆಯಾಗುತ್ತದೆ. ಆದರೆ ಕಾಯಿ ಸುಲಿಯುವ, ಮೂಟೆ ಹೊರುವ ಪಟ್ಟಣದ ಬಡ ಕುಟುಂಬಗಳ ಮಕ್ಕಳ ನಾಳೆಯ ಕುರಿತ ಚಿಂತನೆ ವಿರಳ.

ಯೋಜನೆಗಳಿಗೆ ಕೊರತೆಯಿಲ್ಲ. ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ಯಂತ್ರದ ನೆರವಿನಿಂದ ಮರ ಏರುವ ತರಬೇತಿಯನ್ನು ಆರಂಭಿಸಿತು. 2023ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ತೆಂಗಿನ ನಾರಿನ ನೇಯ್ಗೆಯೂ ಸೇರಿದೆ. ಅದರಲ್ಲಿ ಉಪಕರಣಕ್ಕೆ 15,000 ರೂಪಾಯಿ ನೆರವು, ಶೇ 5ರ ಬಡ್ಡಿಯಲ್ಲಿ ಎರಡು ಹಂತಗಳಲ್ಲಿ 3 ಲಕ್ಷ ರೂಪಾಯಿವರೆಗೆ ಸಾಲ ದೊರೆಯುತ್ತದೆ.

ಕಷ್ಟವಿರುವುದು ಪ್ರಮಾಣಪತ್ರ ಕೈಸೇರಿದ ನಂತರ. ಸಾಲ ದೊರೆತರೂ ಸರಕು ಕೊಳ್ಳುವವರಿಲ್ಲದಿದ್ದರೆ ಯುವಕ ಮರಳಿ ಮೂಟೆಗೇ ಹೆಗಲು ಕೊಡುತ್ತಾನೆ. 1982ರಲ್ಲಿ ಡಾ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ, ಬ್ಯಾಂಕುಗಳ ಸಹಭಾಗಿತ್ವದೊಡನೆ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ಇದನ್ನು ಅರಿತಿತ್ತು. ಅಲ್ಲಿ ಅಲ್ಪಾವಧಿಯ ತರಬೇತಿಗಿಂತ ಅನಂತರದ ಬೆಂಬಲವೇ ದೀರ್ಘವಾದುದು.

ಇನ್ನೊಂದು ಅಡ್ಡಿ ನಮ್ಮ ಮನಸ್ಸಿನಲ್ಲಿದೆ. ಮರ ಏರುವವನನ್ನು, ಹಗ್ಗ ಹೊಸೆಯುವವನನ್ನು ಕೀಳಾಗಿ ಕಾಣುವ ಸಮಾಜದಲ್ಲಿ ಯಾವ ತರಬೇತಿಯೂ ಫಲಿಸದು. ಹುಲ್ಲಿನ ಹಗ್ಗ ಹೊಸೆದು ಜಂಗಮ ದಾಸೋಹ ನಡೆಸಿದ ನುಲಿಯ ಚಂದಯ್ಯನವರನ್ನು ಸ್ಮರಿಸುವ ನಾವು, ಇಂದು ನಾರು ಹೊಸೆಯುವ ಕೈಗಳನ್ನೂ ಗೌರವಿಸಬೇಕಲ್ಲವೇ?

ತೋಟವುಳ್ಳ ಸದ್ಭಕ್ತರು ತರಬೇತಿ ಪಡೆದವರಿಗೆ ವರ್ಷವಿಡೀ ಕೆಲಸ ಒಪ್ಪಿಸಲಿ; ಮಂಡಿಯ ವರ್ತಕರು ಅವರ ಸರಕಿಗೆ ಮೊದಲ ಗ್ರಾಹಕರಾಗಲಿ. ಅನ್ನ ನೀಡುವುದು ದಾಸೋಹ. ಅನ್ನ ಗಳಿಸುವ ದಾರಿ ತೆರೆಯುವುದೂ ದಾಸೋಹವೇ.