ಪಡಿಯಚ್ಚಿನ ತಪ್ಪು

ಭೂಮಿ ಹುಣ್ಣಿಮೆಯ ಮುನ್ನಾದಿನ ಸಂಜೆ ಈಸೂರಿನ ಆ ಮನೆಯ ಜಗಲಿಯಲ್ಲಿ ಮೂವರಿದ್ದರು. ತಾಯಿ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿಹಿಟ್ಟಿನ ಬಿಳುಪಿನಲ್ಲಿ ಚಿತ್ತಾರ ಬರೆಯುತ್ತಿದ್ದಳು. ನಿವೃತ್ತ ಕನ್ನಡ ಮೇಷ್ಟರಾದ ಅಜ್ಜ ಕನ್ನಡಕ ಒರೆಸುತ್ತ ಕುಳಿತಿದ್ದರು. ಬೆಂಗಳೂರಿನಿಂದ ಬೆಳಿಗ್ಗೆ ತಾನೇ ಬಂದಿಳಿದ ಮೊಮ್ಮಗಳ ದೃಷ್ಟಿ ಮಾತ್ರ ಚಿತ್ತಾರದ ಮೇಲೂ ಇರಲಿಲ್ಲ, ಅಜ್ಜನ ಮೇಲೂ ಇರಲಿಲ್ಲ. ತೊಡೆಯ ಮೇಲಿನ ಕಂಪ್ಯೂಟರಿನ ಪರದೆಯಲ್ಲಿ ನೆಟ್ಟುಹೋಗಿತ್ತು.

“ಹಬ್ಬಕ್ಕೆ ಬಂದವಳ ಮುಖ ಹೀಗೇಕೆ ಬಾಡಿದೆ, ಪುಟ್ಟಿ?” ಎಂದು ಅಜ್ಜ ಕೇಳಿದರು.

“ಒಂದು ತಪ್ಪು ಮಾಡಿದ್ದೇನೆ, ಅಜ್ಜ. ಒಂದಲ್ಲ, ಹತ್ತು. ಆದರೆ ಹತ್ತೂ ಒಂದೇ ತಪ್ಪು.”

ಅಜ್ಜನಿಗೆ ಇದು ಒಗಟಿನಂತೆ ಕೇಳಿಸಿದ್ದರೆ ಆಶ್ಚರ್ಯವಿಲ್ಲ. ಅದನ್ನು ಬಿಡಿಸಬೇಕಾದರೆ ಆ ಹುಡುಗಿಯ ಉದ್ಯೋಗದ ಪರಿಚಯ ಸ್ವಲ್ಪ ಬೇಕು.

ದೊಡ್ಡದೊಂದು ಕಂಪ್ಯೂಟರಿನ ಶಕ್ತಿಯೆಲ್ಲವೂ ಎಲ್ಲ ಹೊತ್ತಿನಲ್ಲಿಯೂ ಬಳಕೆಯಾಗುವುದಿಲ್ಲ. ಆದುದರಿಂದ ಅದೊಂದನ್ನೇ ಹಲವು ಕಂಪ್ಯೂಟರುಗಳೆಂಬಂತೆ ನಡೆಸುವ ಉಪಾಯವನ್ನು ಅಮೆರಿಕದ ಐಬಿಎಂ ಸಂಸ್ಥೆಯವರು ೧೯೬೦ರ ದಶಕದಲ್ಲಿಯೇ ಕಂಡುಕೊಂಡರು. ೧೯೭೨ರಲ್ಲಿ ಅವರ ವಿಎಂ/೩೭೦ ಹೊರಬಂದಿತು. ಒಂದೇ ಯಂತ್ರದೊಳಗೆ ತೋರುವ ಈ ಯಂತ್ರಗಳಿಗೆ ವರ್ಚುವಲ್ ಮಷೀನ್ ಎಂದು ಹೆಸರು, ಮಿಥ್ಯಾಯಂತ್ರವೆನ್ನಬಹುದು. ಒಂದೊಂದೂ ತಾನೇ ಸ್ವತಂತ್ರವೆಂದು ಬಗೆದು ಕೆಲಸ ಮಾಡುತ್ತದೆ. ಅವುಗಳ ನಡುವೆ ಸ್ಮೃತಿಯನ್ನೂ ಸಮಯವನ್ನೂ ಹಂಚಿಕೊಡುವ ಯಜಮಾನ ತಂತ್ರಾಂಶವು ಹೈಪರ್‌ವೈಸರ್. ಹಿಂದೆ ದೊಡ್ಡ ಸಂಸ್ಥೆಗಳಿಗೆ ಮಾತ್ರ ಎಟುಕುತ್ತಿದ್ದ ಈ ಸೌಕರ್ಯ, ೨೦೦೭ರಲ್ಲಿ ಲಿನಕ್ಸ್‌ನ ತಿರುಳಿಗೇ ಕೆವಿಎಂ ಸೇರಿಕೊಂಡ ಮೇಲೆ ಸಾಧಾರಣ ಕಂಪ್ಯೂಟರಿಗೂ ಇಳಿದು ಬಂದಿದೆ.

ಇಂತಹ ಮಿಥ್ಯಾಯಂತ್ರಕ್ಕೆ ಲೋಹದ ಡಿಸ್ಕ್ ಪ್ರತ್ಯೇಕವಾಗಿ ಇರುವುದಿಲ್ಲ. ಅದರ ಡಿಸ್ಕ್ ಎಂಬುದೂ ಒಂದು ಕಡತವೇ. ಅದನ್ನು ಡಿಸ್ಕ್ ಇಮೇಜ್ ಎನ್ನುತ್ತಾರೆ. ಕಡತವೆಂದ ಮೇಲೆ ನಕಲು ಮಾಡಲು ತೊಡಕೇನು? ಒಂದು ಯಂತ್ರವನ್ನು ಶ್ರದ್ಧೆಯಿಂದ ಸಿದ್ಧಗೊಳಿಸಿ, ಬೇಕಾದ ತಂತ್ರಾಂಶಗಳನ್ನೆಲ್ಲ ತುಂಬಿ, ಆ ಇಮೇಜನ್ನೇ ಮೂಲವಾಗಿಟ್ಟುಕೊಂಡರೆ ಹತ್ತು ಯಂತ್ರಗಳನ್ನು ಕೆಲವೇ ನಿಮಿಷಗಳಲ್ಲಿ ಎಬ್ಬಿಸಬಹುದು.

ಇಲ್ಲಿ ಮಿತವ್ಯಯಕ್ಕೂ ದಾರಿಯಿದೆ. ಮೂಲದ ಇಮೇಜು ೮ ಜಿಬಿ ಇದ್ದರೆ ಹತ್ತು ಪೂರ್ಣ ಪ್ರತಿಗಳಿಗೆ ೮೦ ಜಿಬಿ ಸ್ಥಳ ಬೇಕು. ಹಾಗೆ ಮಾಡದೆ, ಹತ್ತೂ ಯಂತ್ರಗಳು ಮೂಲವೊಂದನ್ನೇ ಓದಿಕೊಂಡು, ತಾವು ಹೊಸದಾಗಿ ಬರೆಯುವುದನ್ನು ಮಾತ್ರ ತಮ್ಮ ತಮ್ಮ ಸಣ್ಣ ಕಡತಗಳಲ್ಲಿ ಬರೆದುಕೊಳ್ಳುವಂತೆ ಏರ್ಪಡಿಸಬಹುದು. ಒಂದೊಂದೂ ಅರ್ಧ ಜಿಬಿ ಬರೆದರೆ ಒಟ್ಟು ೧೩ ಜಿಬಿಯಲ್ಲಿಯೇ ಸಂಸಾರ ಸಾಗುತ್ತದೆ. ಆದರೆ ಒಂದು ಕಟ್ಟುಪಾಡು: ಹತ್ತು ಮಕ್ಕಳು ನೆಚ್ಚಿ ನಿಂತ ಮೇಲೆ ಮೂಲವನ್ನು ಯಾರೂ ಮುಟ್ಟತಕ್ಕದ್ದಲ್ಲ. ಅಡಿಪಾಯದ ಕಲ್ಲನ್ನು ಕದಲಿಸಿದರೆ ಮೇಲಿನ ಗೋಡೆಗಳು ಉಳಿಯಲಾರವು.

ಹುಡುಗಿ ಇಷ್ಟನ್ನೂ ಸರಿಯಾಗಿಯೇ ಮಾಡಿದ್ದಳು. ಎಡವಿದ್ದು ಬೇರೆ ಕಡೆ. ಜಾಲದಲ್ಲಿರುವ ಪ್ರತಿಯೊಂದು ಯಂತ್ರಕ್ಕೂ ತನ್ನದೇ ಹೆಸರು, ತನ್ನದೇ ಗುರುತಿನ ಸಂಖ್ಯೆ, ತಾನೇ ತಾನೆಂದು ರುಜುವಾತುಪಡಿಸುವ ಗುಪ್ತವಾದೊಂದು ಬೀಗದ ಕೈ ಇರಬೇಕು. ಮೂಲಯಂತ್ರವನ್ನು ಆಕೆ ಪರೀಕ್ಷೆಗೆಂದು ಒಮ್ಮೆ ನಡೆಸಿದಾಗ ಅದು ತನ್ನ ಕೀಲಿಯನ್ನು ತಾನೇ ಸೃಷ್ಟಿಸಿಕೊಂಡಿತ್ತು. ಅದನ್ನು ಅಳಿಸಲು ಮರೆತು ನಕಲು ಮಾಡಿದ್ದರಿಂದ ಹತ್ತು ಮನೆಗೂ ಒಂದೇ ಬೀಗ, ಒಂದೇ ಕೀಲಿಕೈ ಆಯಿತು. ಒಂದು ಯಂತ್ರ ಕಳ್ಳನ ವಶವಾದರೆ, ಅವನು ಉಳಿದ ಒಂಬತ್ತರ ವೇಷವನ್ನೂ ಧರಿಸಬಲ್ಲ.

“ಯಾರಿಗಾದರೂ ತಿಳಿಯಿತೇ?” ಎಂದರು ಅಜ್ಜ.

“ಇನ್ನೂ ಇಲ್ಲ. ಹತ್ತೂ ಚೆನ್ನಾಗಿಯೇ ಓಡುತ್ತಿವೆ. ಬಸ್ಸಿನಲ್ಲಿ ಬರುವಾಗ ನನಗೇ ಹೊಳೆಯಿತು. ಮೇಲಿನವರಿಗೆ ಹೇಳಿದರೆ ಕೆಲಸಕ್ಕೇ ಸಂಚಕಾರ ಬಂದೀತು. ಹಬ್ಬ ಮುಗಿಸಿ ಹೋಗಿ ಸದ್ದಿಲ್ಲದೆ ಸರಿಪಡಿಸಿಬಿಡಲೇ ಎಂದು ಯೋಚಿಸುತ್ತಿದ್ದೇನೆ.”

ಅಜ್ಜ ಕೂಡಲೇ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ತಾಳಗುಂದದ ಕಂಬವನ್ನು ಚಿಕ್ಕಂದಿನಲ್ಲಿ ನಿನಗೆ ತೋರಿಸಿದ್ದು ನೆನಪಿದೆಯೇ?” ಎಂದರು.

ಈಸೂರಿನಂತೆ ಶಿಕಾರಿಪುರ ಸೀಮೆಗೇ ಸೇರಿದ ಆ ಊರಿನ ಪ್ರಣವೇಶ್ವರ ದೇವಾಲಯದ ಮುಂದೆ ಕದಂಬರ ಸ್ತಂಭಶಾಸನವಿದೆ. ಅದನ್ನು ರಚಿಸಿದ ಕವಿ ಕುಬ್ಜ. ಬಿ. ಎಲ್. ರೈಸ್ ಅವರು ೧೯೦೨ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ ಸಂಪುಟದಲ್ಲಿ ಶಿಕಾರಿಪುರ ತಾಲ್ಲೂಕಿನ ಶಾಸನಗಳು ಸೇರಿವೆ. ಶಾಸನದ ಪಡಿಯಚ್ಚು ತೆಗೆಯುವ ಕ್ರಮ ಸರಳವಾದುದು. ಕಲ್ಲನ್ನು ತೊಳೆದು, ಒದ್ದೆಯ ಕಾಗದವನ್ನು ಹೊದಿಸಿ, ಅಕ್ಷರದ ಕುಳಿಗಳಿಗೆ ಅದು ಇಳಿಯುವಂತೆ ಕುಂಚದಿಂದ ಬಡಿಯುತ್ತಾರೆ. ಮೇಲೆ ಮಸಿ ಒತ್ತಿದಾಗ ಕಪ್ಪಿನ ನಡುವೆ ಅಕ್ಷರಗಳು ಬೆಳ್ಳಗೆ ಮೂಡುತ್ತವೆ. ಒಂದು ಕಲ್ಲಿನಿಂದ ಎಷ್ಟು ಪ್ರತಿಗಳನ್ನಾದರೂ ಪಡೆಯಬಹುದು.

“ಅಕ್ಷರ ಮಾತ್ರವಲ್ಲ, ಕಲ್ಲಿನ ಬಿರುಕೂ ಪ್ರತಿಯೊಂದರಲ್ಲಿಯೂ ಮೂಡುತ್ತದೆ” ಎಂದರು ಅಜ್ಜ. “ಕಾಗದಕ್ಕೆ ಯಾವುದು ಅಕ್ಷರ, ಯಾವುದು ಬಿರುಕು ಎಂಬ ವಿವೇಕವಿಲ್ಲ. ಅದು ಓದುವವನಿಗೆ ಇರಬೇಕು. ಬಿರುಕನ್ನು ಅಕ್ಷರವೆಂದು ಓದಿಬಿಟ್ಟೆನೆಂದು ವಿದ್ವಾಂಸನಾದವನು ಒಪ್ಪಿಕೊಳ್ಳದಿದ್ದರೆ, ಅವನನ್ನು ನಂಬಿದವರೆಲ್ಲ ತಪ್ಪನ್ನೇ ಓದುತ್ತ ಹೋಗುತ್ತಾರೆ.”

ಹುಡುಗಿ ತಲೆ ತಗ್ಗಿಸಿದಳು. ಅಜ್ಜ ಮತ್ತೆ ಹೇಳಿದರು: “ಇನ್ನೊಂದು ಮಾತು. ೧೯೪೨ರಲ್ಲಿ ಈ ಊರು ತನ್ನದೇ ಸರ್ಕಾರ ಎಂದು ಸಾರಿತು. ಆಗ ನಡೆದ ಘರ್ಷಣೆಯಲ್ಲಿ ಇಬ್ಬರು ಅಧಿಕಾರಿಗಳು ಪ್ರಾಣ ಕಳೆದುಕೊಂಡರು. ಮರುವರ್ಷದ ಮಾರ್ಚಿಯಲ್ಲಿ ನಮ್ಮವರು ಐವರು ಗಲ್ಲಿಗೇರಿದರು. ಹೊರಗಿನವರು ‘ಈಸೂರಿನವರು’ ಎಂದು ಒಂದೇ ಮಾತಿನಲ್ಲಿ ಮುಗಿಸಬಹುದು. ಆದರೆ ಗುರಪ್ಪ ಬೇರೆ, ಮಲ್ಲಪ್ಪ ಬೇರೆ, ಸೂರ್ಯನಾರಾಯಣಾಚಾರ್ ಬೇರೆ, ಹಾಲಪ್ಪ ಬೇರೆ, ಶಂಕರಪ್ಪ ಬೇರೆ. ಐದು ಮನೆ, ಐದು ದುಃಖ. ಊರು ಒಂದೇ ಆದರೂ ಒಬ್ಬನ ಹೆಸರು ಇನ್ನೊಬ್ಬನಿಗೆ ಸಲ್ಲುವುದಿಲ್ಲ. ನಿನ್ನ ಯಂತ್ರಗಳಿಗೂ ಅಷ್ಟು ಮಾತ್ರದ ನ್ಯಾಯ ಬೇಡವೇ?”

ಈ ತಪ್ಪು ಆ ಹುಡುಗಿಯೊಬ್ಬಳದೇ ಎಂದು ಯಾರೂ ಭಾವಿಸಬೇಕಾಗಿಲ್ಲ. ೨೦೧೨ರಲ್ಲಿ ಅಮೆರಿಕದ ಸಂಶೋಧಕರು ಜಗತ್ತಿನ ಜಾಲಕ್ಕೆ ಸೇರಿದ ಯಂತ್ರಗಳನ್ನು ಸಾಮೂಹಿಕವಾಗಿ ಪರಿಶೀಲಿಸಿದಾಗ, ಒಂದೇ ಕೀಲಿಯನ್ನು ಹಂಚಿಕೊಂಡ ಯಂತ್ರಗಳು ಹೇರಳವಾಗಿ ಕಂಡುಬಂದವು. ಪರಿಹಾರವೂ ಕಷ್ಟವಾದುದಲ್ಲ. ನಕಲು ಮಾಡುವ ಮುನ್ನ ಮೂಲದಿಂದ ಹೆಸರು, ಗುರುತಿನ ಸಂಖ್ಯೆ, ಕೀಲಿ, ಸಿದ್ಧಪಡಿಸಿದವರ ಗುಪ್ತಪದ ಇವೆಲ್ಲವನ್ನೂ ಅಳಿಸಬೇಕು. ಪ್ರತಿಯೊಂದು ಯಂತ್ರವೂ ಮೊದಲ ಬಾರಿಗೆ ಕಣ್ಣು ತೆರೆದಾಗ ತನ್ನ ಗುರುತನ್ನು ತಾನೇ ರಚಿಸಿಕೊಳ್ಳುವಂತೆ ಏರ್ಪಡಿಸಬೇಕು. ಆದರೆ ಈಗಾಗಲೇ ಎದ್ದು ನಿಂತವುಗಳಿಗೆ ಈ ಮುನ್ನೆಚ್ಚರಿಕೆ ಫಲಿಸದು. ಅವುಗಳನ್ನು ಒಂದೊಂದಾಗಿ ತಿದ್ದಬೇಕು. ಹಳೆಯ ಕೀಲಿಯನ್ನು ಇನ್ನು ನಂಬಬೇಡಿರೆಂದು ಅವುಗಳನ್ನು ಬಳಸುವವರಿಗೆಲ್ಲ ತಿಳಿಸಬೇಕು. ಸದ್ದಿಲ್ಲದೆ ಸರಿಪಡಿಸುವುದು ಸಾಧ್ಯವಾಗದಿರುವುದು ಇದರಿಂದಲೇ.

ಹುಡುಗಿ ಎದ್ದು ಅಂಗಳಕ್ಕೆ ಹೋಗಿ ದೂರವಾಣಿಯಲ್ಲಿ ಮಾತನಾಡಿದಳು. ಜಗಲಿಯವರಿಗೆ ಮಾತು ಕೇಳಿಸಲಿಲ್ಲ. ನಡುವೆ ಬಹಳ ಹೊತ್ತಿನ ಮೌನ ಮಾತ್ರ ತಿಳಿಯಿತು. ಹಿಂದಿರುಗಿದಾಗ ಅವಳ ಕಣ್ಣು ತೇವವಾಗಿದ್ದರೂ ಮುಖ ಹಗುರವಾಗಿತ್ತು.

“ಬೈದರೇ?” ಎಂದಳು ತಾಯಿ.

“ಬೈದರು. ಆಮೇಲೆ, ರಾತ್ರಿಯೇ ಕುಳಿತು ಹತ್ತಕ್ಕೂ ಹೊಸ ಕೀಲಿ ಮಾಡೋಣ, ತಾವೂ ಜೊತೆಗಿರುತ್ತೇವೆ ಎಂದರು.”

ಆ ರಾತ್ರಿ ಆ ಮನೆಯಲ್ಲಿ ಎರಡು ಕೆಲಸಗಳು ನಡೆದವು. ಒಳಗೆ ತಾಯಿ ಭೂಮಿತಾಯಿಗೆ ಒಪ್ಪಿಸುವ ಚರಗದ ಅಡುಗೆಗೆ ಅಣಿಮಾಡಿಕೊಳ್ಳುತ್ತಿದ್ದಳು. ಹೊರಗೆ ಮಗಳು ಒಂದೊಂದೇ ಯಂತ್ರಕ್ಕೆ ಅದರದೇ ಗುರುತನ್ನು ಕೊಡುತ್ತಿದ್ದಳು. ಹತ್ತನೆಯದು ಮುಗಿಯುವ ವೇಳೆಗೆ ಒಲೆ ಹತ್ತಿತ್ತು. ಬೆಳಕು ಹರಿಯುವ ಮುನ್ನ ಗದ್ದೆಗೆ ಹೊರಟಾಗ ಚಿತ್ತಾರದ ಬುಟ್ಟಿಯನ್ನು ಹೊತ್ತವಳು ಅವಳೇ. ನಿದ್ದೆಗೆಟ್ಟ ಅವಳ ಹೆಜ್ಜೆ ಬದುವಿನ ಮೇಲೆ ಒಮ್ಮೆಯೂ ತಪ್ಪದಿರುವುದನ್ನು ಅಜ್ಜ ಹಿಂದಿನಿಂದ ನೋಡುತ್ತ ನಡೆದರು.