ತಕ್ಕಡಿಯಿಲ್ಲದೆ ಕಲ್ಲಂಗಡಿ ತೂಗುವುದು

ಬೇಸಿಗೆ ಬಂತೆಂದರೆ ರಸ್ತೆ ಬದಿಯಲ್ಲಿ ಕಲ್ಲಂಗಡಿ ರಾಶಿ ಬೀಳುತ್ತದೆ. ವ್ಯಾಪಾರಿ ಒಂದು ಹಣ್ಣನ್ನು ಕೈಯಲ್ಲಿ ಎತ್ತಿ ಹಿಡಿದು ‘ಐದು ಕಿಲೋ ಬರುತ್ತೆ ಸ್ವಾಮಿ’ ಎನ್ನುತ್ತಾನೆ. ತಕ್ಕಡಿಗೆ ಇಟ್ಟರೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅದು ಪಳಗಿದ ಕೈ. ಆದರೆ ಹಣ್ಣು ನೂರು ಕಿಲೋ ದಾಟಿದ್ದರೆ? ಕೈಯಲ್ಲಿ ಎತ್ತುವ ಮಾತೇ ಇಲ್ಲ. ಮೇಲಾಗಿ ಅದಿನ್ನೂ ಬಳ್ಳಿಯಲ್ಲೇ ಇದೆ. ಕಿತ್ತರೆ ಬೆಳವಣಿಗೆ ಅಲ್ಲಿಗೆ ಮುಗಿಯಿತು. ಈಗ ಅದರ ತೂಕ ತಿಳಿಯುವುದು ಹೇಗೆ?

ಇದು ಸುಮ್ಮನೆ ಕಟ್ಟಿದ ಪ್ರಶ್ನೆಯಲ್ಲ. ಅಮೆರಿಕದ ಅರ್ಕನ್ಸಾಸ್ ರಾಜ್ಯದಲ್ಲಿ ಹೋಪ್ ಎಂಬ ಸಣ್ಣ ಊರಿದೆ. ಮಾಜಿ ಅಧ್ಯಕ್ಷ ಬಿಲ್ ಕ್ಲಿಂಟನ್ ಹುಟ್ಟಿದ್ದು ಇಲ್ಲಿಯೇ. ಆದರೆ ಅದಕ್ಕೂ ಎಷ್ಟೋ ಮೊದಲಿನಿಂದ ಈ ಊರು ದೈತ್ಯ ಕಲ್ಲಂಗಡಿಗಳಿಗೆ ಹೆಸರುವಾಸಿ. 2005ರಲ್ಲಿ ಇಲ್ಲಿನ ಸ್ಪರ್ಧೆಯಲ್ಲಿ ತೂಗಿದ ಒಂದು ಹಣ್ಣು 268.8 ಪೌಂಡ್, ಅಂದರೆ ಸುಮಾರು 122 ಕಿಲೋ ಇತ್ತು. 2013ರಲ್ಲಿ ಟೆನೆಸ್ಸಿ ರಾಜ್ಯದ ಕ್ರಿಸ್ ಕೆಂಟ್ ಎಂಬ ಬೆಳೆಗಾರರ ಹಣ್ಣು 350.5 ಪೌಂಡ್ ತೂಗಿ ಗಿನ್ನೆಸ್ ದಾಖಲೆ ಸೇರಿತು. ನಮ್ಮ ಲೆಕ್ಕದಲ್ಲಿ 159 ಕಿಲೋ. ಒಂದೂವರೆ ಕ್ವಿಂಟಾಲಿಗೂ ಹೆಚ್ಚು! ಇಂಥ ಹಣ್ಣು ಬೆಳೆಯುವವರಲ್ಲಿ ‘ಕೆರೊಲಿನಾ ಕ್ರಾಸ್’ ಎಂಬ ತಳಿ ಹೆಸರಾಗಿದೆ.

ಸ್ಪರ್ಧೆಗೆ ಬೆಳೆಯುವವರು ಬಳ್ಳಿಯಲ್ಲಿ ಒಂದೇ ಕಾಯಿ ಉಳಿಸಿ ಮಿಕ್ಕ ಹೀಚುಗಳನ್ನು ಚಿವುಟಿ ಹಾಕುತ್ತಾರೆ. ಬಳ್ಳಿಯ ಸಾರವೆಲ್ಲ ಆ ಒಂದಕ್ಕೇ ಹೋಗಬೇಕು. ಹಾಗಾಗಿ ಇಡೀ ಹಂಗಾಮಿನ ದುಡಿಮೆ ಒಂದು ಕಾಯಿಯ ಮೇಲೆ ನಿಂತಿರುತ್ತದೆ. ನೀರು ಕಡಿಮೆಯಾದರೆ ಬೆಳವಣಿಗೆ ಕುಂಠಿತ. ಒಮ್ಮೆಗೇ ಹೆಚ್ಚಾದರೆ ಕಾಯಿ ಸಿಡಿದು ಸೀಳುತ್ತದೆ. ಒಳತನಕ ಸೀಳಿದ ಹಣ್ಣು ಸ್ಪರ್ಧೆಗೆ ಸಲ್ಲುವುದಿಲ್ಲ. ಆದ್ದರಿಂದ ಇಂದು ಎಷ್ಟು ಬೆಳೆಯಿತು ಎಂಬುದು ಬೆಳೆಗಾರನಿಗೆ ಅಂದಂದೇ ತಿಳಿಯಬೇಕು. ಅದನ್ನು ತಿಳಿಸುವುದು ದರ್ಜಿಯ ಬಳಿ ಇರುವಂಥ ಒಂದು ಟೇಪು.

ಟೇಪು ಉದ್ದವನ್ನು ಹೇಳುತ್ತದೆ, ತೂಕವನ್ನಲ್ಲ. ನಡುವೆ ಸ್ವಲ್ಪ ಗಣಿತ ಬೇಕು. ಕಲ್ಲಂಗಡಿಯನ್ನು ಎಳೆದು ಉದ್ದ ಮಾಡಿದ ಚೆಂಡು ಎಂದುಕೊಳ್ಳಿ. ಅದರ ನಡುವಿನ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 18.85ರಿಂದ ಭಾಗಿಸಿದರೆ ಗಾತ್ರ ಸಿಗುತ್ತದೆ. ಅಳತೆ ಸೆಂಟಿಮೀಟರಿನಲ್ಲಿದ್ದರೆ ಉತ್ತರ ಘನ ಸೆಂಟಿಮೀಟರಿನಲ್ಲಿ. ಹಣ್ಣು ಅಷ್ಟೂ ನೀರೇ ಆಗಿದ್ದರೆ ಅದೇ ಸಂಖ್ಯೆ ಗ್ರಾಂ ಆಗುತ್ತಿತ್ತು. ಆದರೆ ಕಲ್ಲಂಗಡಿಯನ್ನು ನೀರಿಗೆ ಬಿಟ್ಟರೆ ತೇಲುತ್ತದೆ; ಅಂದರೆ ಅದರ ಸಾಂದ್ರತೆ ನೀರಿಗಿಂತ ಸ್ವಲ್ಪ ಕಡಿಮೆ. ಅದಕ್ಕಾಗಿ 18.85ರ ಬದಲು 20ರಿಂದ ಭಾಗಿಸಿ. ನೆನಪಿಡಲೂ ಸುಲಭ.

ಒಂದು ಉದಾಹರಣೆ. ಸುತ್ತಳತೆ 65 ಸೆಂ.ಮೀ., ಉದ್ದ 30 ಸೆಂ.ಮೀ. ಇರುವ ಹಣ್ಣು. 65 ಗುಣಿಲೆ 65 ಎಂದರೆ 4225. ಅದನ್ನು 30ರಿಂದ ಗುಣಿಸಿದರೆ 1,26,750. 20ರಿಂದ ಭಾಗಿಸಿದರೆ ಸುಮಾರು 6,340 ಗ್ರಾಂ, ಅಂದರೆ ಆರೂಕಾಲು ಕಿಲೋಗಿಂತ ತುಸು ಹೆಚ್ಚು. ಉದ್ದವನ್ನು ಮಾತ್ರ ಹಣ್ಣಿನ ಉಬ್ಬಿನ ಮೇಲೆ ಟೇಪು ಹಾಯಿಸಿ ಅಳೆಯಬೇಡಿ. ಹಣ್ಣಿನ ಎರಡೂ ತುದಿಗೆ ಎರಡು ಹಲಗೆ ಆನಿಸಿ, ಹಲಗೆಗಳ ನಡುವಿನ ಅಂತರ ತೆಗೆದುಕೊಳ್ಳಿ.

ಈಗ ದೈತ್ಯ ಹಣ್ಣಿಗೆ ಬನ್ನಿ. ಸುತ್ತಳತೆ 150, ಉದ್ದ 80 ಸೆಂ.ಮೀ. ಇರುವ ಕಾಯಿ ನಮ್ಮ ಸೂತ್ರದಂತೆ 90 ಕಿಲೋ. ಅದರ ಸುತ್ತಳತೆ ಎರಡು ಸೆಂಟಿಮೀಟರ್, ಉದ್ದ ಒಂದು ಸೆಂಟಿಮೀಟರ್ ಹೆಚ್ಚಿತು ಎನ್ನೋಣ. ಕಣ್ಣಿಗೆ ಏನೂ ವ್ಯತ್ಯಾಸ ಕಾಣದು. ಆದರೆ ತೂಕ ತೊಂಬತ್ಮೂರೂವರೆ ಕಿಲೋಗೆ ಏರಿರುತ್ತದೆ! ಉದ್ದ, ಅಗಲ, ಎತ್ತರ ಮೂರೂ ಒಟ್ಟಿಗೆ ಬೆಳೆಯುವುದರಿಂದ ಮೂರರ ಹೆಚ್ಚಳವೂ ಒಂದರ ಮೇಲೊಂದು ಗುಣಾಕಾರವಾಗುತ್ತದೆ. ಎಲ್ಲ ಅಳತೆಯೂ ಎರಡರಷ್ಟಾದರೆ ತೂಕ ಎಂಟರಷ್ಟು.

ಇದೇ ಗುಣ ತೊಡಕೂ ಹೌದು. ಟೇಪು ಸಡಿಲವಾಗಿ ಮೂರೂ ಅಳತೆ ನೂರಕ್ಕೆ ಮೂರರಷ್ಟು ಹೆಚ್ಚು ಬಂದರೆ ತೂಕದ ಅಂದಾಜು ನೂರಕ್ಕೆ ಒಂಬತ್ತರಷ್ಟು ಏರುತ್ತದೆ. 150 ಕಿಲೋ ಹಣ್ಣಿನಲ್ಲಿ ಇದು ಹದಿಮೂರೂವರೆ ಕಿಲೋ. ದಾಖಲೆ ಮುರಿದೆ ಎಂದು ನಂಬಿದವನು ಸೋತು ಮನೆಗೆ ಹೋಗಲು ಅಷ್ಟು ಸಾಕು.

ಇನ್ನೊಂದು ತೊಂದರೆ ಆಕಾರದ್ದು. ದೊಡ್ಡ ಕಲ್ಲಂಗಡಿಯ ತುದಿಗಳು ಚೆಂಡಿನಂತೆ ಇಳಿಯದೆ ಮೊಂಡಾಗಿರುವುದುಂಟು. ಆಗ ನಮ್ಮ ಸೂತ್ರ ತೂಕವನ್ನು ಕಡಿಮೆ ತೋರಿಸುತ್ತದೆ. ಅದಕ್ಕೇ ಬೆಳೆಗಾರರು ಮೂರು ಅಳತೆ ಹಿಡಿಯುತ್ತಾರೆ: ಸುತ್ತಳತೆ ಒಂದು, ತುದಿಯಿಂದ ತುದಿಗೆ ಮೇಲಿನಿಂದ ಹಾಯಿಸಿದ್ದು ಇನ್ನೊಂದು, ಪಕ್ಕದಿಂದ ಪಕ್ಕಕ್ಕೆ ಮೇಲಿನಿಂದ ಹಾಯಿಸಿದ್ದು ಮತ್ತೊಂದು. ಮೂರನ್ನೂ ಕೂಡಿಸಿ, ಹಿಂದೆ ಅಳೆದು ತೂಗಿದ ಹಣ್ಣುಗಳಿಂದ ತಯಾರಿಸಿದ ಕೋಷ್ಟಕದಲ್ಲಿ ತೂಕ ನೋಡುತ್ತಾರೆ. ದೈತ್ಯ ಕುಂಬಳಕಾಯಿಗೂ ಇದೇ ಕ್ರಮ.

ನಮ್ಮ ಹಳ್ಳಿಗಳಿಗೂ ಈ ವಿದ್ಯೆ ಹೊಸದಲ್ಲ. ದನಕ್ಕೆ ಔಷಧಿ ಕೊಡಲು ಅದರ ತೂಕ ಗೊತ್ತಿರಬೇಕು. ದನ ತೂಗುವ ತಕ್ಕಡಿ ಎಲ್ಲಿದೆ? ಎದೆಯ ಸುತ್ತಳತೆಯ ವರ್ಗವನ್ನು ಮೈಯ ಉದ್ದದಿಂದ ಗುಣಿಸಿ 300ರಿಂದ ಭಾಗಿಸುವ ಸೂತ್ರ ಪಶುವೈದ್ಯರಿಗೆ ಪರಿಚಿತ. ಅಳತೆ ಇಂಚಿನಲ್ಲಿ, ಉತ್ತರ ಪೌಂಡಿನಲ್ಲಿ. ಸುತ್ತಳತೆ 60, ಉದ್ದ 50 ಇಂಚು ಇರುವ ಹಸು 600 ಪೌಂಡ್, ಸುಮಾರು 272 ಕಿಲೋ. ಹಣ್ಣಾಗಲಿ ಹಸುವಾಗಲಿ, ಗಣಿತ ಒಂದೇ.

ಆದರೂ ಟೇಪು ನೋಡುವುದು ಹೊರಮೈಯನ್ನು ಮಾತ್ರ. ಕೆಲವು ಕಲ್ಲಂಗಡಿಗಳಲ್ಲಿ ನಡುವಿನ ತಿರುಳು ಬಿರಿದು ಟೊಳ್ಳಾಗಿರುತ್ತದೆ. ಪರಾಗಸ್ಪರ್ಶ ಸರಿಯಾಗದಿದ್ದಾಗ, ಕಾಯಿ ಅತಿ ಬೇಗ ಉಬ್ಬಿದಾಗ ಹೀಗಾಗುವುದುಂಟು. ಅಂಥ ಹಣ್ಣು ತಕ್ಕಡಿಯಲ್ಲಿ ಅಂದಾಜಿಗಿಂತ ಹಗುರ. ಗಟ್ಟಿ ತಿರುಳಿನ ಹಣ್ಣು ಅಂದಾಜನ್ನು ಮೀರುವುದೂ ಉಂಟು. ಆದ್ದರಿಂದ ಅಂದಾಜಿಗೂ ತಕ್ಕಡಿಗೂ ಇರುವ ಅಂತರ ವ್ಯರ್ಥವಲ್ಲ. ಹಣ್ಣನ್ನು ಕೊಯ್ಯುವ ಮೊದಲೇ ಅದು ಒಳಗಿನ ಸುದ್ದಿ ತಿಳಿಸುತ್ತದೆ.

ಈ ಬೇಸಿಗೆಯಲ್ಲಿ ಮಕ್ಕಳ ಕೈಗೆ ಟೇಪು ಕೊಡಿ. ಹಣ್ಣು ಅಳೆದು, ಲೆಕ್ಕ ಮಾಡಿ, ಉತ್ತರವನ್ನು ಚೀಟಿಯಲ್ಲಿ ಬರೆದಿಡಲಿ. ತೂಗುವುದು ಆಮೇಲೆ. ತೂಗಿದ ನಂತರ ಚೀಟಿ ತಿದ್ದಬಾರದು, ಅದೊಂದೇ ನಿಯಮ. ಐದಾರು ಹಣ್ಣುಗಳ ಲೆಕ್ಕ ಒಟ್ಟಾದ ಮೇಲೆ 20 ಎಂಬ ಸಂಖ್ಯೆ ನಿಮ್ಮ ಊರಿನ ಹಣ್ಣಿಗೆ ಸರಿಯೇ, ಇಲ್ಲ 19 ಇನ್ನೂ ಹೊಂದುತ್ತದೆಯೇ ಎಂದು ಅವರೇ ಹೇಳಬಲ್ಲರು. ಪ್ರಯೋಗ ಮುಗಿದ ಮೇಲೆ ಉಪಕರಣವನ್ನು ಕೊಯ್ದು ಹಂಚಿ ತಿನ್ನಬಹುದಾದ ಪಾಠ ವಿಜ್ಞಾನದಲ್ಲಿ ಹೆಚ್ಚಿಲ್ಲ.